ಎಂಜಿನ್ನಿನ ಎಣ್ಣೆ ಬಸಿಯುವ ಬಿರಡೆ: ಅದರ ತೊಂದರೆಗಳೂ ಪರಿಹಾರಗಳೂ

ಎತ್ತಿನ ಗಾಡಿಯ ಅಚ್ಚಿನ ತುದಿಗೆ ಸಿಕ್ಕಿಸುವ ಕಡಾಣಿಯು ಗೇಣುದ್ದಕ್ಕೂ ಕಡಮೆಯಾದ ಒಂದು ಕಬ್ಬಿಣದ ತುಂಡು. ಅದು ದಾರಿಯಲ್ಲಿ ಕಳಚಿ ಬಿದ್ದಲ್ಲಿ ಚಕ್ರವು ಉರುಳಿಹೋಗಿ, ಗಾಡಿಯು ಹೊರೆಯೊಡನೆ ನೆಲಕ್ಕೊರಗುವುದೆಂಬುದನ್ನು ಬೇಸಾಯಗಾರರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಆದಕಾರಣವೇ ಗಾಡಿಯನ್ನು ಹೂಡುವ ಮುನ್ನ ಕಡಾಣಿಯನ್ನು ಮುಟ್ಟಿ ನೋಡುವುದೂ, ಕೀಲೆಣ್ಣೆಯನ್ನು ಹಾಕುವುದೂ ಹಿರಿಯರ ಕಾಲದಿಂದ ಬಂದ ಪದ್ಧತಿಯಾಗಿದ್ದಿತು. ಈಗ ಗಾಡಿಯ ಸ್ಥಾನವನ್ನು ಟ್ರಾಕ್ಟರು, ಟಿಲ್ಲರು, ಜೀಪು, ಮೋಟಾರು ಕಾರುಗಳು ಬಹುಮಟ್ಟಿಗೆ ಪಡೆದುಕೊಂಡಿವೆ. ಇವುಗಳಲ್ಲಿಯೂ ಕಡಾಣಿಯಷ್ಟೇ ಚಿಕ್ಕದೂ ಕಡಾಣಿಯಷ್ಟೇ ಮುಖ್ಯವೂ ಆದ ಒಂದು ಭಾಗವುಂಟು. ಅದೇ ಎಂಜಿನ್ನಿನ ತಳದಲ್ಲಿರುವ ಎಣ್ಣೆ ಬಸಿಯುವ ಬಿರಡೆ. ಡ್ರೈನ್ ಪ್ಲಗ್ ಎಂದು ಅಂಗಡಿಗಳಲ್ಲಿ ಕೇಳುವುದು ಇದನ್ನೇ.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಈ ವಿಷಯಕ್ಕೆ ವಿಶೇಷ ಪ್ರಾಮುಖ್ಯವಿದೆ. ೧೯೭೪ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಜಲಾಶಯವು ಪೂರ್ಣವಾದ ಮೇಲೆ ಅದರ ನಾಲೆಗಳಿಂದಲೂ, ಕೃಷ್ಣರಾಜಸಾಗರದ ವರುಣಾ ನಾಲೆಯಿಂದಲೂ, ಪೂರ್ವಕಾಲದ ಮಾಧವಮಂತ್ರಿ ಅಣೆಯೇ ಮೊದಲಾದವುಗಳಿಂದಲೂ ಈ ಸೀಮೆಯಲ್ಲಿ ಬತ್ತವೂ ಕಬ್ಬೂ ಬೆಳೆಯುತ್ತಿವೆ. ನಾಲೆಗೆ ನೀರು ಬಿಟ್ಟ ಕೂಡಲೆ ಎಲ್ಲ ಗದ್ದೆಗಳಿಗೂ ಒಂದೇ ಸಮಯದಲ್ಲಿ ಉಳುಮೆ ಬೇಕಾಗುವುದು. ಸಸಿಯ ವಯಸ್ಸು ಮೀರುವುದಕ್ಕೆ ಮುಂಚೆ ನಾಟಿಯಾಗಬೇಕು. ಅಂತಹ ದಿವಸಗಳಲ್ಲಿ ಬಿರಡೆಯು ಸಡಿಲವಾಗಿ ಎಣ್ಣೆಯು ಕೆಸರಿಗೆ ಸುರಿದುಹೋದಲ್ಲಿ, ಎಣ್ಣೆಯಿಲ್ಲದ ಎಂಜಿನ್ನು ಕೆಲವೇ ನಿಮಿಷಗಳಲ್ಲಿ ಕಾದು, ಬೇರಿಂಗುಗಳು ಕರಗಿ, ಹಿಡಿದುಕೊಂಡು ನಿಂತುಬಿಡುವುದು. ಅದನ್ನು ಬಿಚ್ಚಿ ಸರಿಪಡಿಸುವುದಕ್ಕೆ ತಗಲುವ ವೆಚ್ಚವು ಒಂದು ಫಸಲಿನ ಲಾಭವನ್ನೇ ನುಂಗುವಷ್ಟಾಗುವುದು. ಕಳೆದುಹೋದ ನಾಟಿಯ ಹದವಂತೂ ಹಣದಿಂದ ಹಿಂದಿರುಗುವುದಲ್ಲ.

ಎಂಜಿನ್ನಿನ ಎಣ್ಣೆಯನ್ನು ಮನೆಯಲ್ಲಿಯೇ ಬದಲಾಯಿಸುವ ರೂಢಿಯು ಗ್ರಾಮಗಳಲ್ಲಿ ಹರಡುತ್ತಿರುವುದು ಸಂತೋಷಕರವಾದುದೇ. ಇದರಿಂದ ಹಣವೂ ಪಟ್ಟಣಕ್ಕೆ ಹೋಗಿಬರುವ ಶ್ರಮವೂ ಉಳಿಯುವುವು. ಯಜಮಾನನಿಗೆ ತನ್ನ ಯಂತ್ರದ ಗುಣವೂ ತಿಳಿಯುವುದು. ಆದರೆ ಬಿರಡೆಗೆ ಬರುವ ಕೇಡುಗಳಲ್ಲಿ ಹೆಚ್ಚಿನವು ಯಂತ್ರದ ದೋಷದಿಂದ ಬಂದುವಲ್ಲ. ಅದನ್ನು ಬಿಗಿಯುವ ಕೈಯಿಂದ ಬಂದುವು. ಆ ಕೈಗೆ ತಿಳಿದಿರಬೇಕಾದುದು ಸ್ವಲ್ಪವೇ. ಅದನ್ನು ಮುಂದೆ ವಿವರಿಸಲಾಗಿದೆ.

ಬಿರಡೆಯ ಸ್ವರೂಪ

ಎಂಜಿನ್ನಿನ ಕೆಳಭಾಗದಲ್ಲಿ ಎಣ್ಣೆಯು ನಿಲ್ಲುವ ತೊಟ್ಟಿಯನ್ನು ಕೆರೆಗೆ ಹೋಲಿಸಿದರೆ, ಬಿರಡೆಯು ಅದರ ತೂಬು. ಅದಕ್ಕೆ ಮೂರು ಅಂಗಗಳುಂಟು. ಸ್ಪ್ಯಾನರು ಹಿಡಿಯುವ ಆರು ಮೂಲೆಯ ತಲೆ ಮೊದಲನೆಯದು. ತೊಟ್ಟಿಯ ರಂಧ್ರದಲ್ಲಿ ಕೂರುವ ತಿರುಪಿನ ಸುತ್ತುಗಳು, ಎಂದರೆ ಥ್ರೆಡ್ಡುಗಳು, ಎರಡನೆಯದು. ತಲೆಗೂ ತೊಟ್ಟಿಗೂ ನಡುವೆ ಕೂರುವ ವಾಷರೆಂಬ ಬಿಲ್ಲೆಯು ಮೂರನೆಯದು. ಇವುಗಳಲ್ಲಿ ಎಣ್ಣೆಯನ್ನು ತಡೆಯುವುದು ತಿರುಪಿನ ಸುತ್ತುಗಳೆಂದು ಬಹು ಮಂದಿಯ ತಿಳಿವಳಿಕೆ. ಇದು ಸರಿಯಲ್ಲ. ಸುತ್ತುಗಳು ಬಿರಡೆಯನ್ನು ಹಿಡಿದಿರುವುವು, ಅಷ್ಟೆ. ಎಣ್ಣೆಯನ್ನು ತಡೆಯುವುದು ಬಿಲ್ಲೆಯು. ತಾಮ್ರ, ಅಲ್ಯೂಮಿನಿಯಂ, ನಾರುರಟ್ಟು ಮೊದಲಾದ ಮೆದು ವಸ್ತುಗಳಿಂದ ಮಾಡಿದ ಈ ಬಿಲ್ಲೆಯು ಬಿಗಿದಾಗ ತುಸು ಚಪ್ಪಟೆಯಾಗಿ, ಎರಡು ಲೋಹಗಳ ಮುಖದಲ್ಲಿರುವ ಏರುತಗ್ಗುಗಳನ್ನು ತುಂಬಿಕೊಳ್ಳುವುದು. ಒಮ್ಮೆ ಚಪ್ಪಟೆಯಾದ ಬಿಲ್ಲೆಯು ಮತ್ತೊಮ್ಮೆ ಹಾಗೆ ಕೂರಲಾರದು.

ಹೀಗಿರುವಲ್ಲಿ ಹಳೆಯ ಬಿಲ್ಲೆಯಿಂದ ಎಣ್ಣೆಯು ತೊಟ್ಟಿಕ್ಕಿದಾಗ ಬಿರಡೆಯನ್ನು ಇನ್ನಷ್ಟು ಬಿಗಿಯುವುದು ವ್ಯರ್ಥ ಮಾತ್ರವಲ್ಲ, ಹಾನಿಕರವೂ ಹೌದು. ಬಿಲ್ಲೆಯ ದೋಷಕ್ಕೆ ಸುತ್ತುಗಳು ದಂಡ ತೆರುವುವು. ಹಲವು ಕಾರುಗಳ ತೊಟ್ಟಿಯು ಅಲ್ಯೂಮಿನಿಯಮ್ಮಿನದು, ಬಿರಡೆಯಾದರೋ ಉಕ್ಕಿನದು. ಗಟ್ಟಿಯಾದುದು ಮೆದುವಾದುದನ್ನು ಕಿತ್ತುಹಾಕುವುದು ಸ್ವಾಭಾವಿಕ. ತೆಳು ಉಕ್ಕಿನ ತೊಟ್ಟಿಗಳಲ್ಲಿ ಬೆಸೆದು ಕೂರಿಸಿದ ನಟ್ಟೇ ಸಡಿಲಬಹುದು. ಟ್ರಾಕ್ಟರುಗಳ ತೊಟ್ಟಿಯು ಸಾಮಾನ್ಯವಾಗಿ ಎರಕದ ಕಬ್ಬಿಣದ್ದಾಗಿದ್ದು ಹೆಚ್ಚು ತಾಳುವುದಾದರೂ ಅತಿಯಾದ ಬಲಕ್ಕೆ ಅದೂ ಸೀಳುವುದುಂಟು.

ಎಷ್ಟು ಬಿಗಿಯಬೇಕು?

ಸಾಧಾರಣ ಕಾರುಗಳ ಬಿರಡೆಗೆ ಸುಮಾರು ೨೫ರಿಂದ ೪೫ ನ್ಯೂಟನ್ ಮೀಟರು ಬಿಗಿತವು ಸಾಕಾಗುವುದು. ಈ ಅಳತೆಯನ್ನು ಹೀಗೆ ತಿಳಿಯಬಹುದು: ಒಂದು ಅಡಿ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು ೧೨ ಕಿಲೋಗ್ರಾಂ ತೂಕವನ್ನು ತೂಗುಹಾಕಿದರೆ ಉಂಟಾಗುವ ಬಿಗಿತವು ೩೫ ನ್ಯೂಟನ್ ಮೀಟರು. ಇದು ಒಂದು ಕೈಯಿಂದ ನಿಧಾನವಾಗಿ ಎಳೆಯುವಷ್ಟರ ಬಲ. ಆದರೆ ಕೆಲವರು ಸ್ಪ್ಯಾನರಿಗೆ ಎರಡಡಿ ಉದ್ದದ ಕೊಳವೆಯನ್ನು ತೊಡಿಸಿ ಅದರ ಮೇಲೆ ಮೈಭಾರವನ್ನೆಲ್ಲ ಬಿಡುವರು. ೬೦ ಕಿಲೋಗ್ರಾಂ ತೂಕದ ಆಳು ಹೀಗೆ ಮಾಡಿದಲ್ಲಿ ಬಿಗಿತವು ಬೇಕಾದುದರ ಹತ್ತರಷ್ಟಾಗುವುದು. ಇಂತಹ ಬಿಗಿತದಿಂದ ಸುತ್ತುಗಳು ಅದೇ ದಿವಸ ಕಿತ್ತುಬರದಿದ್ದರೂ, ಮುಂದಿನ ಸಲ ಬಿಚ್ಚುವಾಗ ಕಿತ್ತುಬರುವುವು.

ಟ್ರಾಕ್ಟರುಗಳ ಬಿರಡೆಯು ದೊಡ್ಡದಾದುದರಿಂದ ಅದರ ಬಿಗಿತವು ಬೇರೆ. ಆಯಾ ಯಂತ್ರದೊಡನೆ ಬಂದ ಕೈಪಿಡಿಯಲ್ಲಿ ಹೇಳಿರುವ ಸಂಖ್ಯೆಯನ್ನೇ ಪ್ರಮಾಣವೆಂದು ಗ್ರಹಿಸತಕ್ಕದ್ದು. ಬಿಗಿತವನ್ನು ಅಳೆಯುವ ಟಾರ್ಕ್ ಸ್ಪ್ಯಾನರೊಂದು ಗ್ರಾಮಕ್ಕೆ ಒಂದಿದ್ದರೂ ಸಾಕು. ಹಲವು ಮನೆಗಳಿಗೆ ಅದು ಉಪಯೋಗಕ್ಕೆ ಬರುವುದು.

ಎಣ್ಣೆ ಬದಲಾಯಿಸುವ ಸರಿಯಾದ ಕ್ರಮ

ಅನೇಕ ಟ್ರಾಕ್ಟರುಗಳಿಗೆ ೨೫೦ ಗಂಟೆಗಳ ಕೆಲಸಕ್ಕೊಮ್ಮೆ ಎಂಜಿನ್ ಎಣ್ಣೆಯನ್ನು ಬದಲಾಯಿಸುವ ಕ್ರಮವಿದೆ. ಕಾರುಗಳಿಗೆ ಕಿಲೋಮೀಟರುಗಳ ಲೆಕ್ಕವೂ ತಿಂಗಳುಗಳ ಲೆಕ್ಕವೂ ಉಂಟು. ಆ ಸಮಯವು ಬಂದಾಗ ಅನುಸರಿಸಬೇಕಾದ ರೀತಿಯು ಹೀಗಿದೆ.

(೧) ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆಯೂ ಮುಂದೆಯೂ ಅಡೆಗಲ್ಲನ್ನಿಡಬೇಕು. ಕಾರಿನ ಕೆಳಗೆ ಹೋಗುವುದಾದಲ್ಲಿ ಕೇವಲ ಜಾಕಿಯ ಮೇಲೆ ನಿಂತ ಕಾರಿನ ಅಡಿಯಲ್ಲಿ ಯಾವನೂ ಮಲಗಕೂಡದು. ಇಟ್ಟಿಗೆಯೂ ಸಿಮೆಂಟಿನ ಟೊಳ್ಳುಕಲ್ಲುಗಳೂ ಭಾರಕ್ಕೆ ಹಠಾತ್ತಾಗಿ ಪುಡಿಯಾಗುವುದರಿಂದ ಅವುಗಳನ್ನು ನಂಬಬಾರದು. ಕಬ್ಬಿಣದ ಆಧಾರಪೀಠಗಳನ್ನೋ, ಗಟ್ಟಿಯಾದ ಮರದ ದಿಮ್ಮಿಗಳನ್ನೋ ಕೊಡತಕ್ಕದ್ದು. ಬಿರಡೆಯು ಹೋದರೆ ಹೊಸದು ಬರುವುದು. ಮನುಷ್ಯನ ಪ್ರಾಣವು ಹಾಗಲ್ಲ.

(೨) ಎಂಜಿನ್ನನ್ನು ಹತ್ತು ನಿಮಿಷ ನಡೆಯಿಸಿ ನಿಲ್ಲಿಸಿ, ಸ್ವಲ್ಪ ಹೊತ್ತು ತಡೆಯಬೇಕು. ಬೆಚ್ಚಗಿನ ಎಣ್ಣೆಯು ಕಲ್ಮಷವನ್ನು ತನ್ನೊಡನೆ ಕೊಂಡೊಯ್ಯುವುದು. ಕುದಿಯುವಂತಹ ಎಣ್ಣೆಯು ಕೈಯನ್ನು ಸುಡುವುದು.

(೩) ಬಿರಡೆಯ ಸುತ್ತಲಿನ ಮಣ್ಣನ್ನೂ ಒಣಗಿದ ಕೆಸರನ್ನೂ ಕೆರೆದು ಒರೆಸಬೇಕು. ಇದರಿಂದ ಮಣ್ಣು ತೊಟ್ಟಿಯೊಳಗೆ ಸೇರದಿರುವುದಲ್ಲದೆ, ಸ್ಪ್ಯಾನರು ತಲೆಯ ಮೇಲೆ ಪೂರ್ತಿಯಾಗಿ ಕೂರುವುದು.

(೪) ಇದೇ ಎಂಜಿನ್ನಿನ ಬಿರಡೆಯೆಂಬುದನ್ನು ಕೈಪಿಡಿಯ ಚಿತ್ರದೊಡನೆ ಹೋಲಿಸಿ ದೃಢಪಡಿಸಿಕೊಳ್ಳಬೇಕು. ಎಂಜಿನ್ನಿನದೆಂದು ಭ್ರಮಿಸಿ ಗೇರುಪೆಟ್ಟಿಗೆಯ ಬಿರಡೆಯನ್ನು ಬಿಚ್ಚುವುದುಂಟು. ಆಗ ಗೇರುಪೆಟ್ಟಿಗೆಯು ಬರಿದಾಗುವುದು. ಎಂಜಿನ್ನಿಗೆ ಹಳೆಯ ಎಣ್ಣೆಯ ಮೇಲೆ ಹೊಸ ಎಣ್ಣೆಯು ಸುರಿಯಲ್ಪಟ್ಟು ಅಳತೆ ಮೀರುವುದು. ಒಂದು ತಪ್ಪಿಗೆ ಎರಡು ಯಂತ್ರಗಳು ಕೆಡುವುವು.

(೫) ಎಣ್ಣೆ ಹಾಕುವ ಮೇಲಿನ ಮುಚ್ಚಳವನ್ನು ಮೊದಲು ಬಿಚ್ಚಿ, ಆಮೇಲೆ ಕೆಳಗಿನ ಬಿರಡೆಗೆ ಕೈ ಹಾಕಬೇಕು. ಗೇರುಪೆಟ್ಟಿಗೆ ಮತ್ತು ಹಿಂದಿನ ಅಚ್ಚಿನ ಪೆಟ್ಟಿಗೆಗಳ ವಿಷಯದಲ್ಲಿ ಇದು ಬಹು ಮುಖ್ಯ. ಎಣ್ಣೆಯನ್ನು ಬಸಿದ ಮೇಲೆ ಮೇಲಿನ ಬಿರಡೆಯು ಕದಲದಿದ್ದರೆ, ವಾಹನವು ಇದ್ದಲ್ಲಿಯೇ ನಿಲ್ಲಬೇಕಾಗುವುದು.

(೬) ಬಿರಡೆಯ ತಲೆಯನ್ನು ಎದುರಿನಿಂದ ನೋಡಿದಾಗ ಅಪ್ರದಕ್ಷಿಣವಾಗಿ ತಿರುಗಿಸಿದರೆ ಅದು ಸಡಿಲುವುದು. ಅಂಗಾತ ಮಲಗಿದವನಿಗೆ ದಿಕ್ಕು ತಪ್ಪುವುದು ಸಹಜವಾದುದರಿಂದ, ಸಡಿಲಿಸುತ್ತಿದ್ದೇನೆಂದು ತಿಳಿದು ಬಿಗಿಯುತ್ತಿಲ್ಲವೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು.

(೭) ಎಣ್ಣೆಯು ಹನಿಹನಿಯಾಗುವವರೆಗೆ ಬಸಿದ ಮೇಲೆ, ಹಳೆಯ ಬಿಲ್ಲೆಯನ್ನು ತೆಗೆಯತಕ್ಕದ್ದು. ಅದು ತೊಟ್ಟಿಗೇ ಅಂಟಿಕೊಂಡಿರಬಹುದು. ನೋಡದೆ ಹೊಸದನ್ನು ಹಾಕಿದಲ್ಲಿ ಎರಡು ಬಿಲ್ಲೆಗಳು ಒಂದರ ಮೇಲೊಂದು ಕುಳಿತು ಎಣ್ಣೆಯು ಸೋರುವುದು.

(೮) ಹೊಸ ಬಿಲ್ಲೆಯೊಡನೆ ಬಿರಡೆಯನ್ನು ಬೆರಳುಗಳಿಂದಲೇ ತಿರುಗಿಸಿ ಕೂರಿಸಬೇಕು. ಮೂರು ನಾಲ್ಕು ಸುತ್ತುಗಳು ಬೆರಳಿನಿಂದಲೇ ಸರಾಗವಾಗಿ ಸಾಗದಿದ್ದಲ್ಲಿ ಅದು ಓರೆಯಾಗಿ ಕಚ್ಚಿಕೊಂಡಿದೆಯೆಂದರ್ಥ. ಹಿಂದಕ್ಕೆ ತಿರುಗಿಸಿ ತೆಗೆದು, ಒರೆಸಿ, ಮತ್ತೆ ಕೂರಿಸಬೇಕೇ ಹೊರತು ಸ್ಪ್ಯಾನರಿನಿಂದ ಒತ್ತಾಯ ಮಾಡಕೂಡದು. ಕಡೆಗೆ ಸ್ಪ್ಯಾನರಿನಿಂದ ಹೇಳಿದ ಪ್ರಮಾಣಕ್ಕೆ ಬಿಗಿಯಬೇಕು.

(೯) ಅಳತೆಕಡ್ಡಿಯ ಗುರುತಿನವರೆಗೆ ಎಣ್ಣೆಯನ್ನು ತುಂಬಿ, ಎಂಜಿನ್ನನ್ನು ಒಂದೆರಡು ನಿಮಿಷ ನಡೆಯಿಸಿ ನಿಲ್ಲಿಸಿ, ಬಿರಡೆಯ ಕೆಳಗೆ ಕಾಗದವನ್ನಿಟ್ಟು ನೋಡಬೇಕು. ಮಾರನೆಯ ಬೆಳಗ್ಗೆ ಕಾಗದವನ್ನೂ ಅಳತೆಕಡ್ಡಿಯನ್ನೂ ಮತ್ತೊಮ್ಮೆ ಪರೀಕ್ಷಿಸುವುದು ಯುಕ್ತ.

ಬಿಲ್ಲೆಯ ಬೆಲೆಯು ಅತ್ಯಲ್ಪ. ಹೊಸದು ದೊರೆಯದ ಸಮಯದಲ್ಲಿ, ಅಪ್ಪಟ ತಾಮ್ರದ ಬಿಲ್ಲೆಯಾದರೆ ಅದನ್ನು ಮಂದವಾಗಿ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದಲ್ಲಿ ಮತ್ತೆ ಮೆದುವಾಗಿ ಒಂದಾವೃತ್ತಿ ಉಪಯೋಗಕ್ಕೆ ಬರುವುದು. ಅಲ್ಯೂಮಿನಿಯಂ ಮತ್ತು ನಾರಿನ ಬಿಲ್ಲೆಗಳಿಗೆ ಈ ಉಪಾಯವು ಸಲ್ಲದು. ಬಿಲ್ಲೆಗೆ ಬದಲಾಗಿ ನೂಲನ್ನೂ ಗೋಣಿಯ ನಾರನ್ನೂ ಸುತ್ತುವುದು, ಸಾಬೂನನ್ನು ಮೆತ್ತುವುದು ಮೊದಲಾದುವು ಒಂದು ದಿನದ ಸಮಾಧಾನಗಳು. ಅವುಗಳ ಚೂರುಗಳು ಒಳಗೆ ಸೇರಿ ಎಣ್ಣೆಯ ದಾರಿಯನ್ನು ಕಟ್ಟಬಹುದು.

ಕದಲದ ಬಿರಡೆ

ಹಿಂದೆ ಯಾರೋ ಅತಿಯಾಗಿ ಬಿಗಿದ ಬಿರಡೆಯು ಕದಲದಿದ್ದಾಗ ಪೈಪು ಹಿಡಿಯುವ ಇಕ್ಕಳದಿಂದಲೋ ಹೊಂದಿಸುವ ಸ್ಪ್ಯಾನರಿನಿಂದಲೋ ಎಳೆಯುವುದು ಸಾಮಾನ್ಯ. ಇದರಿಂದ ಆರು ಮೂಲೆಗಳೂ ಸವೆದು ತಲೆಯು ಗುಂಡಾಗುವುದು. ಇದಕ್ಕೆ ಆರು ಮುಖವುಳ್ಳ ಸಾಕೆಟ್ಟು ಸ್ಪ್ಯಾನರೇ ಉತ್ತಮವಾದ ಸಾಧನ. ಮೊದಲು ತುಕ್ಕು ಬಿಡಿಸುವ ಎಣ್ಣೆಯನ್ನು ಸುತ್ತ ಹಚ್ಚಿ, ಕೆಲವು ಗಂಟೆ ಬಿಟ್ಟು, ತಲೆಯ ಮೇಲೆ ಸುತ್ತಿಗೆಯಿಂದ ಹದವಾಗಿ ನಾಲ್ಕಾರು ಏಟು ಹಾಕಿದಲ್ಲಿ ತುಕ್ಕಿನ ಹಿಡಿತವು ಬಿಡುವುದುಂಟು. ಬಳಿಕ ಜಗ್ಗದೆ, ಸ್ಥಿರವಾಗಿ ಎಳೆಯಬೇಕು. ತಲೆಯು ಆಗಲೇ ಗುಂಡಾಗಿದ್ದರೆ, ಒಂದಳತೆ ಚಿಕ್ಕದಾದ ಸಾಕೆಟ್ಟನ್ನು ಬಡಿದು ಕೂರಿಸಿ ತಿರುಗಿಸಬಹುದು. ಅದರಿಂದಲೂ ಆಗದಿದ್ದಲ್ಲಿ ಪರಿಣತನಾದ ಮೆಕ್ಯಾನಿಕನನ್ನು ಕರೆಯಿಸತಕ್ಕದ್ದು. ಎಣ್ಣೆಯಿರುವ ತೊಟ್ಟಿಗೆ ದೀಪದ ಜ್ವಾಲೆಯನ್ನು ಹಿಡಿಯುವುದು ಬೆಂಕಿಗೆ ಆಹ್ವಾನವಾದುದರಿಂದ ಸರ್ವಥಾ ಕೂಡದು. ಹೀಗೆ ತೆಗೆದ ಬಿರಡೆಯನ್ನು ಮತ್ತೆ ಹಾಕದೆ ಹೊಸದನ್ನೇ ಹಾಕಬೇಕು.

ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಕೊಂಡೊಯ್ದು ಸುತ್ತುಗಳನ್ನು ಹೋಲಿಸಿ ನೋಡಬೇಕು. ಹಳೆಯ ವಿಲ್ಲೀಸ್ ಜೀಪುಗಳಲ್ಲಿ ಅಂಗುಲದ ಅಳತೆಯೂ, ೧೯೭೧ರಿಂದ ತಯಾರಾದ ಎಚ್.ಎಂ.ಟಿ. ಟ್ರಾಕ್ಟರುಗಳಲ್ಲಿ ಮಿಲಿಮೀಟರಿನ ಅಳತೆಯೂ ಇರುವುವು. ಕಣ್ಣಿಗೆ ಎರಡೂ ಒಂದೇ ಎಂಬಂತೆ ತೋರಿದರೂ, ಒಂದನ್ನು ಮತ್ತೊಂದರ ರಂಧ್ರಕ್ಕೆ ತಿರುಗಿಸಿದಲ್ಲಿ ಸುತ್ತುಗಳು ನಾಶವಾಗುವುವು.

ಸುತ್ತುಗಳು ಕಿತ್ತುಹೋದಾಗ

ಬಿಗಿಯುತ್ತಿರುವ ಬಿರಡೆಯು ಎಷ್ಟು ತಿರುಗಿಸಿದರೂ ನಿಲ್ಲದೆ ಸುತ್ತುತ್ತಲೇ ಇದ್ದರೆ ತೊಟ್ಟಿಯ ಸುತ್ತುಗಳು ಹೋದುವೆಂದು ತಿಳಿಯಬೇಕು. ಆ ಸ್ಥಿತಿಯಲ್ಲಿ ಎಂಜಿನ್ನನ್ನು ನಡೆಯಿಸಲಾಗದು. ತನ್ನ ಸುತ್ತನ್ನು ತಾನೇ ಕೊರೆದುಕೊಳ್ಳುವ ದಪ್ಪ ಬಿರಡೆಗಳು ಅಂಗಡಿಗಳಲ್ಲಿ ದೊರೆಯುವುವಾದರೂ ಅವು ತಾತ್ಕಾಲಿಕವಾದುವು. ಪ್ರತಿ ಸಲ ಬಿಚ್ಚಿದಾಗಲೂ ರಂಧ್ರವನ್ನು ಇನ್ನಷ್ಟು ಕೆಡಿಸುವುವು. ರಂಧ್ರವನ್ನು ಕೊಂಚ ಅಗಲಿಸಿ, ಹೊಸ ಸುತ್ತನ್ನು ಕೊರೆದು, ಉಕ್ಕಿನ ತಂತಿಯ ಅಥವಾ ಕೊಳವೆಯ ಒಳಸುತ್ತನ್ನು ಕೂರಿಸುವುದು ಶಾಶ್ವತವಾದ ಪರಿಹಾರ. ಇದರಿಂದ ಮೂಲದ ಅಳತೆಯ ಬಿರಡೆಯೇ ಮತ್ತೆ ಒಪ್ಪುವುದು. ಕೊರೆಯುವ ಸಾಧನಕ್ಕೆ ಗ್ರೀಸನ್ನು ಮೆತ್ತಿದರೆ ಲೋಹದ ಚೂರುಗಳು ಅದಕ್ಕೆ ಅಂಟಿಕೊಂಡು ಹೊರಬರುವುವು. ಉಳಿದುದನ್ನು ಸ್ವಲ್ಪ ಎಣ್ಣೆ ಸುರಿದು ತೊಳೆಯಬೇಕು. ಇದು ಲೇತು ಯಂತ್ರದವರ ಕೈಯಲ್ಲಿ ಚಿಕ್ಕ ಕೆಲಸ. ಎಷ್ಟೋ ಕಾರುಗಳಲ್ಲಿ ತೊಟ್ಟಿಯನ್ನೇ ಬದಲಾಯಿಸುವುದೂ ಸಾಧ್ಯ.

ಹೊಲದಲ್ಲಿಯೇ ಬಿರಡೆಯು ಬಿದ್ದುಹೋದಲ್ಲಿ, ಅಥವಾ ಎಣ್ಣೆಯ ಒತ್ತಡದ ಕೆಂಪು ದೀಪವು ಹೊತ್ತಿದಲ್ಲಿ, ಆ ಕ್ಷಣವೇ ಎಂಜಿನ್ನನ್ನು ನಿಲ್ಲಿಸಬೇಕು. "ಊರು ಸೇರುವವರೆಗೆ ಹೋಗಲಿ" ಎಂಬ ಯೋಚನೆಯೇ ಎಂಜಿನ್ನಿಗೆ ಮೃತ್ಯುವು. ಮರದ ಗೂಟವನ್ನು ಬಡಿದು ನಡೆಯಿಸುವುದೂ ಸರಿಯಲ್ಲ. ಬಿಸಿಗೆ ಮತ್ತು ಅದುರುವಿಕೆಗೆ ಅದು ಸಡಿಲಿ ಬೀಳುವುದು. ಬೇರೆ ವಾಹನದಿಂದ ಎಳೆದುತರುವುದೇ ವಿವೇಕ.

ಕೆಸರು ಗದ್ದೆಯ ಉಳುಮೆಯೂ ಬಿರಡೆಗಳೂ

ಬತ್ತದ ಸೀಮೆಯಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕಾಗಿದೆ. ಹಲವು ಟ್ರಾಕ್ಟರುಗಳ ಕ್ಲಚ್ಚಿನ ಗೂಡಿನ ತಳದಲ್ಲಿ ಒಂದು ರಂಧ್ರವಿದ್ದು, ಕೆಸರಿನಲ್ಲಿ ಉಳುವಾಗ ಅದಕ್ಕೆ ಬಿರಡೆಯನ್ನು ಹಾಕಬೇಕೆಂದೂ, ಕೆಸರಿನ ಕೆಲಸ ಮುಗಿದ ಮೇಲೆ ತೆಗೆಯಬೇಕೆಂದೂ ವಿಧಿಯಿದೆ. ಹಾಕದಿದ್ದರೆ ನೀರೂ ಕೆಸರೂ ಕ್ಲಚ್ಚಿಗೆ ನುಗ್ಗುವುವು. ತೆಗೆಯಲು ಮರೆತರೆ ಸೀಲುಗಳಿಂದ ಜಿನುಗಿದ ಎಣ್ಣೆಯು ಅಲ್ಲಿಯೇ ನಿಂತು ಕ್ಲಚ್ಚಿನ ತಟ್ಟೆಯನ್ನು ಕೆಡಿಸುವುದು.

ಕೆಸರಿನ ಕೆಲಸದಲ್ಲಿ ಅಚ್ಚಿನ ಸೀಲುಗಳ ಮೂಲಕ ಹಿಂದಿನ ಪೆಟ್ಟಿಗೆಗೆ ನೀರು ಸೇರುವುದುಂಟು. ಆಗ ಅಲ್ಲಿಯ ಎಣ್ಣೆಯು ಹಾಲಿನಂತೆ ಬೆಳ್ಳಗಾಗುವುದು. ನೀರು ಎಣ್ಣೆಗಿಂತ ಭಾರವಾದುದರಿಂದ, ರಾತ್ರಿಯೆಲ್ಲ ನಿಂತ ಟ್ರಾಕ್ಟರಿನ ಬಿರಡೆಯನ್ನು ಬೆಳಗ್ಗೆ ತುಸುವೇ ಸಡಿಲಿಸಿದಲ್ಲಿ ಮೊದಲು ನೀರು ಬರುವುದರಿಂದ ದೋಷವು ತಿಳಿಯುವುದು. ಬೆಳ್ಳಗಾದ ಎಣ್ಣೆಯನ್ನು ಪೂರ್ತಿ ಬದಲಾಯಿಸಿ, ಸೀಲನ್ನು ಸರಿಪಡಿಸಬೇಕು. ಎಂಜಿನ್ನಿನ ಎಣ್ಣೆಯೇ ಬೆಳ್ಳಗಾಗಿದ್ದರೆ ರೇಡಿಯೇಟರಿನ ನೀರು ಒಳಗೆ ಬರುತ್ತಿರಬಹುದಾದುದರಿಂದ, ಪರೀಕ್ಷೆಯಾಗುವವರೆಗೆ ಅದನ್ನು ಚಾಲೂ ಮಾಡಕೂಡದು.

ಕೆಲವು ಬಿರಡೆಗಳ ತುದಿಯಲ್ಲಿ ಅಯಸ್ಕಾಂತವಿರುವುದು. ಅದಕ್ಕೆ ಅಂಟಿರುವ ನುಣುಪಾದ ಕಪ್ಪು ಪುಡಿಯು ಸಾಧಾರಣ ಸವೆತದ ಗುರುತು. ಚೂರುಗಳೂ ಸಿಬಿರುಗಳೂ ಕಂಡುಬಂದಲ್ಲಿ ಒಳಗೆ ಗೇರು ಅಥವಾ ಬೇರಿಂಗು ಒಡೆಯುತ್ತಿದೆಯೆಂದು ಅರ್ಥ. ವೈದ್ಯನು ನಾಡಿಯನ್ನು ನೋಡುವಂತೆ ಯಜಮಾನನು ಈ ತುದಿಯನ್ನು ನೋಡಿದರೆ, ದೊಡ್ಡ ಕೇಡನ್ನು ಚಿಕ್ಕದಾಗಿರುವಾಗಲೇ ತಡೆಯಬಹುದು.

ಬಸಿದ ಎಣ್ಣೆಯ ವಿಲೇವಾರಿ

ಬಸಿದ ಕಪ್ಪೆಣ್ಣೆಯನ್ನು ಚರಂಡಿಗೋ ನಾಲೆಯ ಏರಿಗೋ ಸುರಿಯುವ ದುರಭ್ಯಾಸವು ಕೆಲವೆಡೆ ಇದೆ. ಬೇಲಿಯ ಗೂಟಗಳಿಗೆ ಬಳಿಯುವುದು, ದನಗಳ ಹೆಗಲ ಹುಣ್ಣಿಗೆ ಸವರುವುದು, ಒಲೆಗೆ ಉರುವಲಾಗಿ ಸುರಿಯುವುದು ಇವೂ ಉಂಟು. ಈ ಎಣ್ಣೆಯಲ್ಲಿ ಸವೆದ ಲೋಹಗಳೂ, ಉರಿದ ಇಂಧನದ ವಿಷಪದಾರ್ಥಗಳೂ ಕೂಡಿರುವುದರಿಂದ ಅದು ಚರ್ಮಕ್ಕೂ ಉಸಿರಿಗೂ ಮಣ್ಣಿಗೂ ಅಹಿತ. ಒಂದು ಲೀಟರು ಎಣ್ಣೆಯು ಹತ್ತು ಲಕ್ಷ ಲೀಟರು ನೀರನ್ನು ಕೆಡಿಸಬಲ್ಲುದೆಂದು ಗಣಿಸಲಾಗಿದೆ. ನಂಜನಗೂಡಿನ ಬಳಿ ಕಪಿಲೆಗೆ ಸೇರಿದುದು ತಿರುಮಕೂಡಲಿನ ಸಂಗಮದಲ್ಲಿ ಕಾವೇರಿಗೆ ಸೇರುವುದು. ಕೆಳಗಿನ ಊರುಗಳವರು ಕುಡಿಯುವುದೂ ಆ ನೀರನ್ನೇ. ೨೦೧೬ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಲ್ಲಿ ಬಳಸಿದ ಎಣ್ಣೆಯು ಅಪಾಯಕಾರಿ ತ್ಯಾಜ್ಯಗಳ ಸಾಲಿನಲ್ಲಿ ಸೇರಿದ್ದು, ಅದನ್ನು ಅಧಿಕೃತರಾದ ಸಂಗ್ರಾಹಕರಿಗೆ ಒಪ್ಪಿಸಬೇಕಾಗಿದೆ. ಸೋರದ ಡಬ್ಬಿಗಳಲ್ಲಿ ನೀರು ಬೆರಸದೆ ಶೇಖರಿಸಿಟ್ಟು, ತೆಗೆದುಕೊಳ್ಳುವ ಸರ್ವೀಸು ಕೇಂದ್ರಗಳಿಗೆ ಕೊಡುವುದು ಸುಲಭವಾದ ಮಾರ್ಗ.

ಗ್ರಾಮದ ಯಜಮಾನರು ಮಾಡಬಹುದಾದ ಕೆಲಸ

ಈ ವಿಷಯದಲ್ಲಿ ಒಬ್ಬೊಬ್ಬರಿಗಿಂತ ಊರಿನವರು ಕೂಡಿ ಮಾಡುವುದರಿಂದ ಪ್ರಯೋಜನ ಹೆಚ್ಚು. ಊರಿಗೊಂದು ಟಾರ್ಕ್ ಸ್ಪ್ಯಾನರು, ಊರಿನಲ್ಲಿರುವ ವಾಹನಗಳಿಗೆ ಒಪ್ಪುವ ಕೆಲವು ಬಿರಡೆಗಳು ಮತ್ತು ಬಿಲ್ಲೆಗಳು, ಕಪ್ಪೆಣ್ಣೆಗೆ ಒಂದು ಮುಚ್ಚಳವುಳ್ಳ ಪೀಪಾಯಿ, ಇಷ್ಟನ್ನು ಒಂದೆಡೆ ಇಟ್ಟಲ್ಲಿ ನಾಟಿಯ ಕಾಲದ ಎಷ್ಟೋ ತೊಂದರೆಗಳು ತಪ್ಪುವುವು. ಎಣ್ಣೆ ಬದಲಾಯಿಸಿದ ದಿನಾಂಕ, ಗಂಟೆ ಅಥವಾ ಕಿಲೋಮೀಟರು, ಬಿಲ್ಲೆ ಬದಲಾಯಿಸಿದ ವಿವರ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಬಾಡಿಗೆಗೆ ಓಡುವ ಟ್ರಾಕ್ಟರುಗಳನ್ನು ಹಲವು ಕೈಗಳು ಮುಟ್ಟುವುದರಿಂದ ಅವಕ್ಕೆ ಈ ಪುಸ್ತಕವು ಇನ್ನೂ ಅವಶ್ಯಕ. ನಾಲೆಗೆ ನೀರು ಬರುವುದಕ್ಕೆ ಹದಿನೈದು ದಿವಸ ಮುಂಚಿತವಾಗಿ ಎಲ್ಲ ಬಿರಡೆಗಳನ್ನೂ ಒಮ್ಮೆ ಪರೀಕ್ಷಿಸುವ ಪದ್ಧತಿಯನ್ನು ಊರಿನಲ್ಲಿ ರೂಢಿಗೆ ತರಬೇಕು.

ತೂಬನ್ನು ಬಲ್ಲ ನೀರಗಂಟಿಯು ಅದನ್ನು ಎಷ್ಟು ಬೇಕೋ ಅಷ್ಟೇ ಇಳಿಸುವನು. ಗುದ್ದಿ ಇಳಿಸಿ ಕಲ್ಲನ್ನು ಒಡೆಯುವುದಿಲ್ಲ, ಅರ್ಧ ತೆರೆದಿಟ್ಟು ಮನೆಗೂ ಹೋಗುವುದಿಲ್ಲ. ಎಂಜಿನ್ನಿನ ಬಿರಡೆಯೂ ಅದೇ ಎಚ್ಚರವನ್ನು ಬೇಡುವುದು. ಹೊಸ ಬಿಲ್ಲೆ, ಬೆರಳಿನಿಂದ ಮೊದಲ ಸುತ್ತು, ಹೇಳಿದಷ್ಟೇ ಬಿಗಿತ, ಮಾರನೆಯ ಬೆಳಗಿನ ಒಂದು ನೋಟ, ಈ ನಾಲ್ಕನ್ನು ತಪ್ಪದೆ ಪಾಲಿಸುವವರ ಯಂತ್ರವು ಬಿರಡೆಯ ಕಾರಣದಿಂದ ಗದ್ದೆಯ ನಡುವೆ ನಿಲ್ಲುವ ಸಂಭವವು ಬಹು ಅಪರೂಪ.